ಹಿಂದಿನ ದಳದ ಒಂಬತ್ತು ಮಂದಿ

ಫೆಬ್ರವರಿ ೩

ದಳಪತಿಗಳ ಸನ್ನಿಧಾನಕ್ಕೆ,

ನಿಮ್ಮ ಅಪ್ಪಣೆಯಂತೆ ಆಟದ ಐದನೆಯ ಅಧ್ಯಾಯ ಮುಗಿಯಿತು. ಸೈನ್ಯ ಬೆಟ್ಟದ ಕೋಟೆ ಬಿಟ್ಟು ಕೆಳಗಿಳಿದಿದೆ. ಗಾಡಿಗಳು ನಲವತ್ತೂ ಭದ್ರ. ಸತ್ತವರು ಇಬ್ಬರು ಬಿಲ್ಲುಗಾರರು. ಅವರಿಗೆ ನಾವು ಹೆಸರಿಟ್ಟಿರಲಿಲ್ಲ, ಹಾಗಾಗಿ ಅಷ್ಟೇನೂ ಅನ್ನಿಸಲಿಲ್ಲ. ಎಡಗಡೆಯ ಇಳಿಜಾರಿನಲ್ಲಿ ಇಳಿಸಿದ್ದರೆ ಇನ್ನೂ ಬೇಗ ಆಗುತ್ತಿತ್ತು ಎಂಬುದು ಈಗಲೂ ನನ್ನ ವಾದ. ಆದರೆ ನಾನು ಬರೀ ಕೈ, ತಲೆ ನಿಮ್ಮದು. ಮದುವೆಯಾದ ಹೊಸದರಲ್ಲಿ ಕಂಪ್ಯೂಟರಿನ ಮುಂದೆ ನನ್ನ ಕುರ್ಚಿಯ ಹಿಂದೆ ನಿಂತು "ಬಲಕ್ಕೆ, ಬಲಕ್ಕೆ, ಅಯ್ಯೋ ಬಲಕ್ಕೆ ಅಂದ್ನಲ್ಲೇ!" ಎಂದು ಕೂಗುತ್ತಿದ್ದಿರಿ. ಫೋನು ಹತ್ತದ ಕಣಿವೆಗೆ ಸುರಂಗ ಕೊರೆಯಲು ಹೋಗಿ ಕೂತಮೇಲೆ ಅದೇ ಕೂಗು ಎಂಟು ದಿನ ತಡವಾಗಿ ಅಂಚೆಯಲ್ಲಿ ಬರುತ್ತಿದೆ, ಅಷ್ಟೇ.

ನಮ್ಮ ಮನೆಯ ನಿಯಮ ಮುರಿದಿಲ್ಲ. ಒಂದು ಯುದ್ಧ ಒಂದೇ ಸಲ. ಸೋತರೆ ಸೋತದ್ದೇ. ಸೇವ್ ಮಾಡಿಟ್ಟ ಜಾಗಕ್ಕೆ ಹಿಂದಿರುಗಿ ಮತ್ತೆ ಆಡುವ ಕಳ್ಳಾಟ ಇಲ್ಲ.

ಹೊಸದಾಗಿ ಸೇರಿದ ಈಟಿಯ ದಳಕ್ಕೆ, ಸುರಂಗದ ನೀರೆತ್ತುವ ನಿಮ್ಮ ಪಂಪಿನವರ ಹೆಸರಿಡು ಎಂದಿರಿ. ಒಂಬತ್ತಕ್ಕೆ ಒಂಬತ್ತೂ ಇಟ್ಟಿದ್ದೇನೆ. ಆಟ ಅಜ್ಜನಿಗೆ ತಾನಾಗಿಯೇ ಬಿಳಿ ಗಡ್ಡ ಕೊಟ್ಟಿದೆ, ನಾನು ಕೇಳಿರಲಿಲ್ಲ. ಭಾವ, ಮೈದುನ ಅಕ್ಕಪಕ್ಕ ನಿಂತಿದ್ದಾರೆ. ಅಲ್ಲಿಯ ಹಾಗೆ ಇಲ್ಲೂ ದಿನವಿಡೀ ಕಿತ್ತಾಡುತ್ತಾರೋ ಏನೋ. ಸಾಲಿನ ಕೊನೆಯಲ್ಲಿ ನಿದ್ದೆಬುರುಕ. ಆ ಹೆಸರು ಟೈಪ್ ಮಾಡುವಾಗ ಹೊಟ್ಟೆಕಿಚ್ಚಾಯಿತು.

ಇಲಿಮರಿಗೆ ಮೂರು ತಿಂಗಳು ತುಂಬಿತು. ಬೆಳಿಗ್ಗೆ ಹಾಲು ಕುಡಿಸುವಾಗಲೇ ನನ್ನ ಯುದ್ಧ. ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಅವಳು, ಅವಳ ಸುತ್ತ ಬಳಸಿ ಮೌಸಿನವರೆಗೆ ನನ್ನ ಬಲಗೈ. ಮೊನ್ನೆ ಅವಳು ತೊಟ್ಟಿಲಲ್ಲಿ ಅಳುತ್ತಿದ್ದದ್ದು ನನಗೆ ಕೇಳಲೇ ಇಲ್ಲ. ಅತ್ತೆ ಅಡುಗೆಮನೆಯಿಂದ, "ಮಗು ಅಳ್ತಿದೆ ಕಣೇ! ನಿನ್ನ ಸೈನ್ಯ ಆಮೇಲೆ ಸಾಯ್ಲಿ, ಎದ್ದು ಬಾ!" ಎಂದರು. ನಕ್ಕೆ. ಎದ್ದು ಹೋಗಿ ಎತ್ತಿಕೊಂಡೆ.

ನಿದ್ದೆ ಚೂರುಚೂರು. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಉಸಿರಾಡುತ್ತಿರುತ್ತಾಳೆ. ಎರಡು ನಿಮಿಷ ಬಿಟ್ಟು ಮತ್ತೆ ಇಡುತ್ತೇನೆ. ಇಷ್ಟು ಓದಿದವಳು ಹೀಗಾ ಎಂದು ನೀವು ನಗಬಹುದು. ನಗಿ.

ಹೋದ ಪತ್ರದಲ್ಲಿ "ಒಳಗೆ ನೀರು ಬರ್ತಿದೆ" ಎಂದು ಅರ್ಧ ಸಾಲು ಬರೆದು ಊಟದ ವಿಷಯಕ್ಕೆ ಹಾರಿದ್ದೀರಿ. ಎಷ್ಟು ನೀರು?

ನಿಮ್ಮ ಬಲಗೈ


ಫೆಬ್ರವರಿ ೧೧

ಬಲಗೈಗೆ,

ಪತ್ರ ನಿನ್ನೆ ಸಾಮಾನಿನ ಜೀಪಿನಲ್ಲಿ ಬಂತು. ನೀರು ಸ್ವಲ್ಪ. ಸುರಂಗ ಅಂದಮೇಲೆ ಇರುತ್ತೆ. ನಮ್ಮದು ಒಳಕ್ಕೆ ಹೋದಷ್ಟೂ ಇಳಿಜಾರು, ಹಾಗಾಗಿ ಬಂದ ನೀರೆಲ್ಲ ಕೊನೆಯ ತಗ್ಗಿನಲ್ಲಿ ನಿಲ್ಲುತ್ತೆ. ಅದನ್ನು ಎತ್ತಿಹಾಕೋಕೆ ಮೂರು ಪಂಪು, ಒಂಬತ್ತು ಜನ. ಕೊರೆಯುವ ದೊಡ್ಡ ಮೆಷಿನ್ ಎರಡೂ ಅದೇ ತಗ್ಗಿನಲ್ಲಿವೆ. ಹೆಡ್ ಆಫೀಸಿನವರಿಗೆ ಅವು ಬೇರೆ ಕಡೆಗೆ ಬೇಕಂತೆ. ಅದು ಇರಲಿ.

ತಮ್ಮ ಹೆಸರು ಆಟದಲ್ಲಿದೆ ಅಂತ ಪಂಪಿನವರಿಗೆ ಹೇಳಿದ್ದೇ ತಪ್ಪಾಯ್ತು. ದಿನಾ ಕೆಳಗಿಳಿಯೋ ಮುಂಚೆ ಒಬ್ಬರಲ್ಲ ಒಬ್ಬರು, "ಸಾರ್, ನಾವು ಎಲ್ಲೀವರೆಗೆ ಬಂದ್ವಿ?" ಅಂತಾರೆ. ಅಜ್ಜನಿಗೆ ಈಟಿ ಬೇಡವಂತೆ, ಕುದುರೆ ಬೇಕಂತೆ. "ಈ ವಯಸ್ಸಲ್ಲಿ ನಡೆಸ್ತೀರಲ್ಲ ಸಾರ್, ಮೇಡಮ್ಮೋರಿಗೆ ಸ್ವಲ್ಪ ಹೇಳಿ" ಅಂದ.

ಇನ್ನು ಆರನೇ ಅಧ್ಯಾಯ. ಕಣಿವೆಯ ಸೇತುವೆ. ನಲವತ್ತು ಗಾಡಿ ದಾಟೋಕೆ ಆಟದ ಲೆಕ್ಕದಲ್ಲಿ ಎರಡು ಹಗಲು ಬೇಕು. ಅಷ್ಟು ಹೊತ್ತೂ ಹಿಂದಿನಿಂದ ನುಗ್ಗೋರನ್ನ ಯಾರಾದರೂ ತಡೀಬೇಕು. ಅಪ್ಪಣೆ ಕೇಳು: ಪಂಪಿನವರನ್ನು ಸೇತುವೆಯ ಈಚೆ ಬಾಯಲ್ಲಿ ನಿಲ್ಲಿಸು. ಉಳಿದವರೆಲ್ಲ ಗಾಡಿಯ ಜೊತೆ ದಾಟಲಿ. ದಳಪತಿಯ ಬಿಳಿ ಕುದುರೆ ಆಚೆ ದಡದಲ್ಲಿರಲಿ, ಅವನು ಸತ್ತರೆ ಕಥೆಯೇ ಮುಗಿಯುತ್ತೆ.

ಒಂಬತ್ತು ಜನ ಎರಡು ಹಗಲು ತಡೀಬಲ್ಲರಾ? ಇದು ನನಗೆ ತಿಳೀಬೇಕು. ಗೆದ್ದೆ, ಸೋತೆ ಅಂತ ಒಂದು ಸಾಲು ಬರೆದು ಕಳಿಸಬೇಡ. ಎಷ್ಟು ಹೊತ್ತು ನಿಂತರು, ಯಾರು ಉಳಿದರು, ಒಂದೊಂದು ಹೆಸರನ್ನೂ ಬರಿ.

ಇಲಿಮರಿಯ ಉಸಿರು ನೋಡೋದನ್ನ ಬಿಡು ಅನ್ನಲ್ಲ. ನನ್ನ ಪರವಾಗಿ ಒಂದು ಸಲ ಜಾಸ್ತಿ ನೋಡು.

ದಳಪತಿ


ಫೆಬ್ರವರಿ ೧೯

ರೀ,

ಮೊದಲು ತಪ್ಪೊಪ್ಪಿಗೆ. ನಿಯಮ ಮುರಿದೆ.

ನೀವು ಹೇಳಿದ ಹಾಗೆಯೇ ನಿಲ್ಲಿಸಿದೆ. ಬೆಳಿಗ್ಗೆ ಹತ್ತು ಗಂಟೆ, ಅತ್ತೆ ಇಲಿಮರಿಗೆ ಎಣ್ಣೆ ಹಚ್ಚುತ್ತಿದ್ದರು. ಗಾಡಿಗಳು ದಾಟಿದವು, ನಲವತ್ತೂ. ಪಂಪಿನವರು ಒಂದು ಹಗಲು ಪೂರ್ತಿ ನಿಂತರು. ಎರಡನೆಯ ಹಗಲು ಅರ್ಧವಾಗುವಷ್ಟರಲ್ಲಿ ಅವರ ಧೈರ್ಯದ ಪಟ್ಟಿ ಹಸಿರಿನಿಂದ ಕೆಂಪಿಗೆ ಇಳಿಯಿತು. ಮೊದಲು ಮೈದುನ. ಅವನನ್ನು ಎತ್ತಲು ಬಗ್ಗಿದ ಭಾವ. ಅಜ್ಜ ಕೊನೆಗೆ. ಸ್ಕ್ರೀನಿನ ಮೂಲೆಯಲ್ಲಿ ಒಂದೊಂದೇ ಹೆಸರು ಬೂದಿಬಣ್ಣಕ್ಕೆ ತಿರುಗಿತು. ಹೆಸರಿಟ್ಟವಳು ನಾನೇ ಅಲ್ಲವೇ, ತಡೆದುಕೊಳ್ಳಲಾಗಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಆಡಿದೆ. ಸತ್ತರು. ಬಿಲ್ಲುಗಾರರನ್ನು ಜೊತೆಗಿಟ್ಟೆ, ಸತ್ತರು. ಬೇಗ ಹಿಂದಕ್ಕೆ ಕರೆದರೆ ಶತ್ರು ಸೇತುವೆಗೇ ನುಗ್ಗಿ ಗಾಡಿಯವರೂ ಹೋದರು. ರಾತ್ರಿಯೊಳಗೆ ಆರು ಸಲ ಆಡಿದೆ. ಆರನೆಯ ಸಲ ನಿಮ್ಮ ಅಪ್ಪಣೆ ಮೀರಿ ದಳಪತಿಯನ್ನೇ ಅವರ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕುದುರೆ ಹತ್ತಿರವಿದ್ದರೆ ಧೈರ್ಯದ ಪಟ್ಟಿ ಏರುತ್ತದಲ್ಲ, ಅದಕ್ಕೆ. ಸ್ವಲ್ಪ ಹೆಚ್ಚು ಹೊತ್ತು ನಿಂತರು. ಆಮೇಲೆ ಹತ್ತೂ ಜನ ಸತ್ತರು. ಪರದೆ ಕಪ್ಪಾಗಿ "ಕಥೆ ಇಲ್ಲಿಗೆ ಮುಗಿಯಿತು" ಎಂದು ಬಂತು.

ಒಂಬತ್ತು ಜನ ಸಾಲದು ರೀ. ಯಾವ ರೀತಿ ನಿಲ್ಲಿಸಿದರೂ

(ಇದನ್ನು ಅಂಚೆಗೆ ಹಾಕುವುದಿಲ್ಲ. ಅವರ ಪತ್ರ ಮತ್ತೆ ಓದಿದೆ. ಅಕ್ಷರ ಓಲಾಡುತ್ತಿವೆ, ಅವರೂ ನಿದ್ದೆ ಮಾಡುತ್ತಿಲ್ಲ. ಆ ಕತ್ತಲ ಬಿಲದಲ್ಲಿ ಅವರಿಗಿರುವ ಒಂದೇ ಖುಷಿ ಈ ಆಟ. ಅಜ್ಜ ಸತ್ತ ಎಂದು ಅಜ್ಜನ ಎದುರಿಗೆ ಹೇಗೆ ಓದಿ ಹೇಳುತ್ತಾರೆ? ಬೇರೆ ಬರೆಯುತ್ತೇನೆ. ಇದು ಬೀರುವಿನಲ್ಲಿರಲಿ.)


ಫೆಬ್ರವರಿ ೧೯

ದಳಪತಿಗಳ ಸನ್ನಿಧಾನಕ್ಕೆ,

ಜಯ! ನಲವತ್ತು ಗಾಡಿಗಳೂ ದಾಟಿದವು. ಪಂಪಿನವರು ಎರಡು ಹಗಲು ಪೂರ್ತಿ ನಿಂತರು. ಒಂಬತ್ತರಲ್ಲಿ ಒಬ್ಬರೂ ಕಡಿಮೆಯಾಗಲಿಲ್ಲ.

ಸುಲಭವಾಗಿರಲಿಲ್ಲ. ಎರಡನೆಯ ಹಗಲು ಧೈರ್ಯದ ಪಟ್ಟಿ ಕೆಂಪಾಗತೊಡಗಿತು. ಆಗ ನಿಮ್ಮ ಅಪ್ಪಣೆ ಮೀರಿದೆ, ಕ್ಷಮಿಸಬೇಕು. ದಳಪತಿಯನ್ನು ಆಚೆ ದಡದಿಂದ ಹಿಂದಕ್ಕೆ ತಿರುಗಿಸಿ ಅವರ ನಡುವೆ ನಿಲ್ಲಿಸಿದೆ. ಬಿಳಿ ಕುದುರೆ ಕಂಡದ್ದೇ ತಡ, ಒಂಬತ್ತೂ ಜನ ಹಸಿರಾದರು. ಮೈದುನ ಒಮ್ಮೆ ಬಿದ್ದ. ಭಾವ ಅವನ ಕೊರಳಪಟ್ಟಿ ಹಿಡಿದು ಎಳೆದುಕೊಂಡ. ಅಜ್ಜ ಕಡೆಯವನಾಗಿ ಸೇತುವೆ ಹತ್ತಿದ, ನಡೆದುಕೊಂಡೇ. ಕುದುರೆ ಏಳನೆಯ ಅಧ್ಯಾಯದಲ್ಲಿ ಕೊಡಿಸುತ್ತೇನೆ ಎಂದು ಹೇಳಿ. ನಿದ್ದೆಬುರುಕ ಆ ಗದ್ದಲದಲ್ಲೂ ಕೊನೆಯ ಸಾಲಿನಲ್ಲೇ ಇದ್ದ.

ದಳಪತಿ ಜೊತೆಗಿದ್ದರೆ ಅವರು ನಿಲ್ಲುತ್ತಾರೆ. ಇದೇ ಈ ಅಧ್ಯಾಯದ ಗುಟ್ಟು. ಪಂಪಿನವರಿಗೆ ಓದಿ ಹೇಳಿ, ಖುಷಿಪಡಲಿ. ನೀವೂ ಸ್ವಲ್ಪ ನಿದ್ದೆ ಮಾಡಿ.

ಇಲಿಮರಿ ಬೋರಲು ಬೀಳಲು ನೋಡುತ್ತಿದ್ದಾಳೆ. ಒಂದು ತೋಳು ಅಡಿಯಲ್ಲಿ ಸಿಕ್ಕಿಹಾಕಿಕೊಂಡು ಕೋಪ ಬರುತ್ತದೆ, ಥೇಟ್ ನಿಮ್ಮ ಕೋಪ. ಅತ್ತೆ, "ಅಪ್ಪನ ಹಾಗೇ, ತಾನೇ ಹೋಗಿ ಸಿಕ್ಕಾಕ್ಕೊಳ್ಳೋದು, ತಾನೇ ಕಿರುಚೋದು" ಎನ್ನುತ್ತಾರೆ.

ನೀರಿನ ಲೆಕ್ಕ ಈ ಸಲವಾದರೂ ಸರಿಯಾಗಿ ಬರೆಯಿರಿ.

ನಿಮ್ಮ ಬಲಗೈ


ಫೆಬ್ರವರಿ ೨೭

ನನ್ನ ಬಲಗೈಯೇ,

ನಿನ್ನ ಪತ್ರವನ್ನ ಟೀ ಹೊತ್ತಿನಲ್ಲಿ ಎಲ್ಲರೆದುರಿಗೆ ಎರಡು ಸಲ ಓದಿಸಿದರು. ಭಾವ ಎದ್ದು ನಿಂತು ಮೈದುನನಿಗೆ, "ಕೇಳಿಸ್ಕೊಂಡ್ಯಾ? ಕೊರಳಪಟ್ಟಿ ಹಿಡ್ದು ಎಳ್ದಿದೀನಿ. ಇನ್ಮೇಲೆ ನನ್ನೆದುರು ಬಾಯಿ ಬಿಟ್ರೆ ನೋಡು" ಅಂದ. ಮೈದುನ, "ನಿಮ್ಮ ಸಹವಾಸಕ್ಕಿಂತ ಬಿದ್ದಲ್ಲೇ ಇದ್ದಿದ್ರೆ ಚೆನ್ನಾಗಿತ್ತು" ಅಂದ. ಎಷ್ಟೋ ದಿನದ ಮೇಲೆ ಅಷ್ಟು ನಕ್ಕೆವು. ಅಜ್ಜ ಮಾತ್ರ ಲೋಟ ಕೆಳಗಿಟ್ಟು, "ಮೇಡಮ್ಮೋರ ಕೈಯಲ್ಲಿ ನಾವು ಸಾಯಲ್ಲ ಬಿಡಿ ಸಾರ್" ಅಂದ.

ಈಗ ನಿನ್ನಿಂದ ಮುಚ್ಚಿಟ್ಟಿದ್ದನ್ನ ಹೇಳ್ತೀನಿ. ಇದು ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತೆ, ಆ ಧೈರ್ಯದಲ್ಲೇ ಬರೀತಿದ್ದೀನಿ. ನೀರು ಸ್ವಲ್ಪ ಅಲ್ಲ. ತಗ್ಗಿನಲ್ಲಿ ಪಂಪು ಅರ್ಧ ಗಂಟೆ ನಿಂತರೆ ಮೊಣಕಾಲು ಮುಚ್ಚುತ್ತೆ. ಪಕ್ಕದ ಗೋಡೆ ಬೆವರ್ತಿದೆ. ನಿಯಮದ ಪ್ರಕಾರ ಎಲ್ಲರನ್ನೂ ಮೇಲೆ ಕರೆಸಿ ತಗ್ಗನ್ನು ನೀರಿಗೆ ಬಿಟ್ಟುಬಿಡಬೇಕು. ಆದರೆ ಮೆಷಿನ್ ಎರಡೂ ಹೊರಗೆ ಬರಲೇಬೇಕು ಅಂತ ಹೆಡ್ ಆಫೀಸಿನವರ ಹಟ. ಎಳೆದು ತರೋಕೆ ಎರಡು ದಿನ ಬೇಕು. ಅಷ್ಟು ಹೊತ್ತೂ ಒಂಬತ್ತು ಜನ ಕೆಳಗೆ ನಿಂತು ಪಂಪು ನಡೆಸಬೇಕು.

ಆಗಲ್ಲ ಅಂತ ಒಂದು ಕಾಗದ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕೊಟ್ಟಿದ್ದರೆ ಕೆಲಸ ಹೋಗುತ್ತಿತ್ತು. ಹೋಗಲಿ ಅಂತಲೂ ಇದ್ದೆ. ನಿನಗೆ ಸೇತುವೆ ಆಡು ಅಂದದ್ದು ಅದೇ ಗೊಂದಲದಲ್ಲಿ. ಆಟ ಬೇರೆ ಇದು ಬೇರೆ, ನನಗೆ ಗೊತ್ತು, ನಾನು ಇಂಜಿನಿಯರು. ಆದರೂ ಒಂಬತ್ತು ಹೆಸರು, ಎರಡು ಹಗಲು, ಎಲ್ಲರೂ ದಾಟಿದರು ಅಂತ ನಿನ್ನ ಅಕ್ಷರದಲ್ಲಿ ಓದಿದಾಗ ಎದೆಯ ಮೇಲಿನ ಕಲ್ಲು ಸರಿದ ಹಾಗಾಯ್ತು. ಕಾಗದ ಹರಿದು ಹಾಕಿದೆ.

ಮಾರ್ಚ್ ಐದು, ಆರು. ನಾನೂ ಅವರ ಜೊತೆ ಇಳೀತೀನಿ. ಆಚೆ ದಡದಲ್ಲಿ ನಿಲ್ಲೋ ದಳಪತಿ ನಾನಲ್ಲ. ಅದನ್ನ ನೀನೇ ಕಲಿಸಿದ್ದು.

ಹೆದರಬೇಡ. ಇಲಿಮರಿ ಬೋರಲು ಬಿದ್ದಳಾ?

ದಳಪತಿ


ಮಾರ್ಚ್ ೬, ಮಧ್ಯಾಹ್ನ

ರೀ,

ಪತ್ರ ಈಗ ಬಂತು. ಅಂಚೆಯವ ಹೋದಮೇಲೆ ಬಾಗಿಲಲ್ಲೇ ನಿಂತು ಓದಿದೆ. ಇವತ್ತು ಆರನೇ ತಾರೀಕು. ಈಗ ಗಂಟೆ ಒಂದೂ ಕಾಲು. ನೀವು ಕೆಳಗಿದ್ದೀರಿ.

ನಾನು ಸುಳ್ಳು ಬರೆದೆ. ಅವರು ನಿಲ್ಲಲಿಲ್ಲ. ನಿಯಮ ಮುರಿದು ಆರು ಸಲ ಆಡಿದೆ, ಆರು ಸಲವೂ ಒಂಬತ್ತೂ ಜನ ಸತ್ತರು. ದಳಪತಿ ಹೋಗಿ ನಿಂತ ಸಲ ದಳಪತಿಯೂ ಸತ್ತ. ನಿಜವನ್ನು ಮೊದಲು ಬರೆದಿದ್ದೆ. ಅದು ಬೀರುವಿನಲ್ಲಿದೆ, ಇದರ ಜೊತೆ ಇಡುತ್ತಿದ್ದೇನೆ. ನಿಮಗೆ ನಿದ್ದೆ ಬರಲಿ ಎಂದು ಸುಳ್ಳು ಬರೆದೆ. ಏನು ಕೇಳುತ್ತಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ನೀವು ಹೇಳಲಿಲ್ಲ.

ಹೆಡ್ ಆಫೀಸಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ತೆಗೆದಳು.

"ಒಂದು ಮೆಷಿನ್ ನಿನ್ನೇನೇ ಹೊರಗೆ ಬಂದಿದೆ ಮೇಡಂ. ಇನ್ನೊಂದು ಸಂಜೆಯೊಳಗೆ ಬರುತ್ತೆ."

"ಜನ? ಕೆಳಗಿರೋ ಜನ?"

"ಜನದ್ದು ಬೇರೆ ಸೆಕ್ಷನ್ ಮೇಡಂ. ಊಟಕ್ಕೆ ಹೋಗಿದಾರೆ. ಎರಡೂವರೆಗೆ ಮಾಡಿ."

ಅವರೆಲ್ಲರನ್ನೂ ಈಗಲೇ ಮೇಲೆ ಕರೆಸಿ, ಸೈಟಿಗೆ ವೈರ್‌ಲೆಸ್ಸಿನಲ್ಲಿ ಹೇಳಿ ಎಂದೆ. "ಏನಂತ ಹೇಳಲಿ ಮೇಡಂ?" ಎಂದಳು. ಏನಂತ ಹೇಳಲಿ? ನಾನು ಗೇಮಿನಲ್ಲಿ ಸೋತೆ, ಅದಕ್ಕೆ ಎಲ್ಲರೂ ಮೇಲೆ ಬನ್ನಿ ಎಂದೇ? ಹಾಗೆಯೇ ಹೇಳಿದೆ ರೀ. ಅವಳು ಬಹಳ ಮೆತ್ತಗೆ, "ಮನೇಲಿ ಜೊತೆಗೆ ಯಾರಾದ್ರೂ ಇದಾರಾ ಮೇಡಂ?" ಎಂದು ಕೇಳಿದಳು.

ಪತ್ರ ಅಲ್ಲಿಗೇ ಬಿಟ್ಟು ಎರಡೂವರೆಗೆ ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ನಾಲ್ಕಕ್ಕೂ ಎತ್ತಲಿಲ್ಲ.

ಈ ಪತ್ರ ಎಂಟು ದಿನಕ್ಕೆ ತಲುಪುತ್ತದೆ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಮೇಲೆ ಬನ್ನಿ. ಎಲ್ಲರನ್ನೂ ಕರೆದುಕೊಂಡು ಮೇಲೆ ಬನ್ನಿ.


ಮಾರ್ಚ್ ೯

ನಿನಗೆ,

ನಾನು ಬದುಕಿದ್ದೀನಿ. ಮೊದಲು ಅದನ್ನ ಬರೆದಿದ್ದೀನಿ, ಅಮ್ಮನಿಗೆ ಓದಿ ಹೇಳು. ಉಳಿದದ್ದನ್ನ ನೀನೊಬ್ಬಳೇ ಓದು.

ಐದನೇ ತಾರೀಕು ಬೆಳಿಗ್ಗೆಯಿಂದ ಆರನೇ ತಾರೀಕು ಸಂಜೆ ನಾಲ್ಕರವರೆಗೆ ಅವರ ಜೊತೆಗಿದ್ದೆ. ನೀನು ಬರೆದ ಹಾಗೇ ಆಯ್ತು. ನಾನಿದ್ದಷ್ಟು ಹೊತ್ತೂ ನಿಂತರು, ಹಾಡು ಬೇರೆ. ನಾಲ್ಕಕ್ಕೆ ತಂತಿ ಫೋನಿನಲ್ಲಿ ಮೇಲಿನಿಂದ ಹೇಳಿದರು, ಎರಡನೇ ಮೆಷಿನ್ ತಿರುವಿನಲ್ಲಿ ಸಿಕ್ಕಿಹಾಕ್ಕೊಂಡಿದೆ, ನೀವೇ ಬಂದು ನೋಡಬೇಕು ಅಂತ. ಐದು ನಿಮಿಷ ಅಂತ ಹೇಳಿ ಎದ್ದು ಬಂದೆ. ಅಜ್ಜ, "ನಿಧಾನಕ್ಕೆ ಬನ್ನಿ ಸಾರ್, ನಾವೆಲ್ಲಿಗೆ ಹೋಗ್ತೀವಿ" ಅಂದ. ತಿರುವಿನಲ್ಲಿದ್ದಾಗ ಕೆಳಗಿನ ಗೋಡೆ ಒಡೀತು. ಸದ್ದು ಬರಲಿಲ್ಲ. ಮೊದಲು ಗಾಳಿ ಬಂತು.

ಎಂಟು ಜನರ ದೇಹ ಸಿಕ್ಕಿದೆ. ನಿದ್ದೆಬುರುಕ ಇನ್ನೂ ಸಿಕ್ಕಿಲ್ಲ.

ತಪ್ಪು ಯಾರದ್ದೂ ಅಲ್ಲ, ನನ್ನದು. ದಳಪತಿ ಜೊತೆಗಿದ್ದರೆ ನಿಲ್ಲುತ್ತಾರೆ ಅಂತ ನೀನು ಅಷ್ಟು ಸ್ಪಷ್ಟವಾಗಿ ಬರೆದಿದ್ದೆ. ನಾನು ಎದ್ದು ಬಂದೆ. ಒಂದು ಮೆಷಿನ್ನಿಗೋಸ್ಕರ ಎದ್ದು ಬಂದೆ. ಮೂರು ದಿನದಿಂದ ಇದೊಂದೇ ತಲೆಯಲ್ಲಿ. ಒಂದು ಸಲ ನಿಯಮ ಮುರಿ. ಸೇತುವೆಗೆ ವಾಪಸು ಹೋಗಿ, ದಳಪತಿಯನ್ನ ನಡುವೆ ಎಬ್ಬಿಸಿ ಕರೆದುಕೊಂಡು ಬಾ. ಏನಾಗುತ್ತೆ ನೋಡಿ ಬರಿ. ಇದ್ದದ್ದು ಇದ್ದ ಹಾಗೆ ಬರಿ.

ಇನ್ನೊಂದು. ಒಂಬತ್ತು ಮನೆಗೆ ಕಾಗದ ಹೋಗಬೇಕು. ಆಫೀಸಿನವರು ಅಚ್ಚು ಹಾಕಿಸಿದ್ದೊಂದನ್ನ ಕಳಿಸಿದ್ದಾರೆ, ಖಾಲಿ ಜಾಗದಲ್ಲಿ ಹೆಸರು ತುಂಬಬೇಕಂತೆ. ನನ್ನ ಕೈಲಾಗಲ್ಲ. ನೀನು ಚೆನ್ನಾಗಿ ಬರೀತೀಯ. ಕಷ್ಟಪಡಲಿಲ್ಲ, ಒಂದೇ ಗಳಿಗೆಯಲ್ಲಿ ಆಯ್ತು, ಯಾರಿಗೂ ಗೊತ್ತೇ ಆಗಲಿಲ್ಲ ಅಂತ ಬರಿ. ಅವರ ಮನೆಯವರಿಗೆ ನಿದ್ದೆ ಬರುವ ಹಾಗೆ ಬರಿ. ವಿಳಾಸ ಹಿಂದೆ ಇವೆ.


ಮಾರ್ಚ್ ೧೮

ರೀ,

ನನ್ನ ಆರನೇ ತಾರೀಕಿನ ಪತ್ರ ಇಷ್ಟು ಹೊತ್ತಿಗೆ ನಿಮ್ಮ ಕೈ ಸೇರಿರುತ್ತದೆ. ಎರಡು ಪತ್ರಗಳೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿಹೋಗಿರಬೇಕು. ಸೇರದೆ ಹೋಗಿದ್ದರೆ ಎಂದು ಮತ್ತೆ ಬರೆಯುತ್ತೇನೆ. ಫೆಬ್ರವರಿ ೧೯ರ ನನ್ನ ಪತ್ರ ಸುಳ್ಳು. ದಳಪತಿ ಆಚೆ ದಡದಲ್ಲಿದ್ದಾಗಲೂ ಸತ್ತರು, ಜೊತೆಯಲ್ಲಿ ನಿಂತಾಗಲೂ ಸತ್ತರು. ನೀವು ಎದ್ದು ಬಂದದ್ದರಿಂದ ಏನೂ ಕೆಡಲಿಲ್ಲ. ಕೂತಿದ್ದರೆ ಹತ್ತಾಗುತ್ತಿತ್ತು. ಆ "ಗುಟ್ಟು" ಇತ್ತಲ್ಲ, ಅದನ್ನು ನಾನು ಹಾಲು ಕುಡಿಸುತ್ತಾ, ಎಡಗೈಯಲ್ಲಿ ಅವಳ ತಲೆ ಹಿಡಿದುಕೊಂಡು, ಪತ್ರ ಚೆನ್ನಾಗಿ ಮುಗಿಯಲಿ ಎಂದು ಸೇರಿಸಿದ ಸಾಲು.

ಆಟಕ್ಕೂ ಸುರಂಗಕ್ಕೂ ಸಂಬಂಧವಿಲ್ಲ. ನಿಜ. ಆದರೆ ನೀವು ಆ ಕಾಗದ ಹರಿದದ್ದು ಸುರಂಗ ನೋಡಿ ಅಲ್ಲ, ನನ್ನ ಅಕ್ಷರ ನೋಡಿ.

ನೀವು ಹೇಳಿದ್ದನ್ನು ಆಡುವುದಿಲ್ಲ. ಕೇಳಬೇಡಿ.

ಇನ್ನೊಂದನ್ನು ಬರೆಯದೆ ಇರಲಾರೆ. "ನಾನು ಬದುಕಿದ್ದೀನಿ" ಎಂಬ ಸಾಲು ಓದಿದಾಗ ನನಗೆ ಸಂತೋಷವಾಯಿತು. ಜೋರಾಗಿ ಅತ್ತೆಯನ್ನು ಕೂಗಿದೆ, ಇಲಿಮರಿಯನ್ನು ಎತ್ತಿ ಕುಣಿಸಿದೆ, ಅವಳೂ ಕೇಕೆ ಹಾಕಿದಳು. ಒಂಬತ್ತು ಜನರ ಸಾಲಿಗೆ ಬರುವ ಮೊದಲು ಪೂರ್ತಿ ಒಂದು ನಿಮಿಷ ಆ ಸಂತೋಷದಲ್ಲಿದ್ದೆ. ಆ ನಿಮಿಷವನ್ನು ಏನು ಮಾಡಲಿ ಎಂದು ತಿಳಿಯುತ್ತಿಲ್ಲ.

ಅಚ್ಚಿನ ಕಾಗದ ವಾಪಸು ಕಳಿಸಿಬಿಡಿ. ಕಷ್ಟಪಡಲಿಲ್ಲ ಎಂದು ನಾನು ಬರೆಯುವುದಿಲ್ಲ, ನಮಗೆ ಅದು ಗೊತ್ತಿಲ್ಲ. ಯಾರಿಗೋ ನಿದ್ದೆ ಬರಲಿ ಎಂದು ಒಮ್ಮೆ ಬರೆದದ್ದು ಸಾಕು. ಇದರ ಜೊತೆ ಒಂಬತ್ತು ಪತ್ರಗಳಿವೆ, ಕೈಯಲ್ಲೇ ಬರೆದದ್ದು. ಎಲ್ಲದರಲ್ಲೂ ತಾರೀಕಿದೆ. ಗೋಡೆ ಎಷ್ಟು ದಿನದಿಂದ ಬೆವರುತ್ತಿತ್ತು, ನಿಯಮ ಏನು ಹೇಳುತ್ತದೆ, ಮೆಷಿನ್ ಯಾರಿಗೆ ಬೇಕಿತ್ತು, ಆಗಲ್ಲ ಎಂದು ಬರೆದ ಕಾಗದವನ್ನು ಯಾರು ಹರಿದರು, ಯಾರ ಮಾತು ನಂಬಿ ಹರಿದರು, ಎಲ್ಲ ಇದೆ. ಭಾವ ಮೈದುನರದು ಒಂದೇ ಮನೆ, ಆದರೂ ಎರಡು ಪತ್ರ ಬರೆದಿದ್ದೇನೆ. ಭಾವನ ಹೆಂಡತಿಗೊಂದು, ಮೈದುನನ ಹೆಂಡತಿಗೊಂದು. ನಿದ್ದೆಬುರುಕನ ತಾಯಿಗೆ ಬರೆದದ್ದರಲ್ಲಿ, ಇನ್ನೂ ಹುಡುಕುತ್ತಿದ್ದಾರೆ ಎಂದು ಬರೆದು ನಿಲ್ಲಿಸಿದ್ದೇನೆ. ಸಿಕ್ಕಿದ್ದರೆ ಮುಂದಿನದನ್ನು ನೀವೇ ಸೇರಿಸಿ.

ಕೆಳಗೆ ನನ್ನ ಸಹಿ ಹಾಕಿದ್ದೇನೆ. ಪಕ್ಕದಲ್ಲಿ ನಿಮ್ಮದಕ್ಕೆ ಜಾಗ ಬಿಟ್ಟಿದ್ದೇನೆ. ಹಾಕಿದರೆ ನಿಮ್ಮ ಕೆಲಸ ಹೋಗುತ್ತದೆ, ಇನ್ನೂ ಏನೇನು ಹೋಗುತ್ತದೋ ಗೊತ್ತಿಲ್ಲ. ಹಾಕದಿದ್ದರೂ ಇವು ಹೋಗುತ್ತವೆ. ಇನ್ನೊಂದು ಪ್ರತಿ ಬರೆದು ಇಟ್ಟುಕೊಂಡಿದ್ದೇನೆ.

ಎಲ್ಲದರಲ್ಲೂ ನಮ್ಮ ಮನೆಯ ವಿಳಾಸ ಕೊಟ್ಟಿದ್ದೇನೆ. ಆ ಮನೆಗಳಿಂದ ಯಾರಾದರೂ ಬಂದು ಬಾಗಿಲು ತಟ್ಟಿದರೆ ನೀನು ಏಳಬೇಡ ಎಂದು ಅತ್ತೆ ಹೇಳಿದರು. ಇಲ್ಲ, ನಾನೇ ತೆಗೆಯುತ್ತೇನೆ ಎಂದಿದ್ದೇನೆ.